ಜೋಳದ ಕಾಳಿನಷ್ಟು ಎತ್ತರ

ಹಳೆಯ ಕಂಬಳಿಯಿಂದ ಹೊಲಿದ ಚೀಲದೊಳಗಿಂದ ಗಿಟಾರನ್ನು ಹೊರಗೆಳೆಯುವಷ್ಟರಲ್ಲೇ ಪಂಡರಿಯ ಹೆಬ್ಬೆರಳು ಎಲುಬಿನ ಪಟ್ಟಿಯ ಮೇಲೆ ಹೋಗಿ ಕೂತಿತ್ತು. ಆರು ತಂತಿಗಳನ್ನು ಕೆಳಗಿನಿಂದ ಎತ್ತಿ ಹಿಡಿಯುವ, ಬೆರಳುದ್ದದ ಬಿಳಿ ಪಟ್ಟಿ ಅದು. ಅದರ ಬೆನ್ನು ಒಂದು ಕಡೆಗೆ ಇಳಿಜಾರಾಗಿತ್ತು. ಅರದಿಂದ ಉಜ್ಜಿದ ಗೀರುಗಳು ಇನ್ನೂ ಬೆರಳಿಗೆ ಹತ್ತುತ್ತಿದ್ದವು. ಯಾರು ಉಜ್ಜಿದ್ದೆಂದು ಕೇಳಬೇಕಾದ ಅಗತ್ಯವಿರಲಿಲ್ಲ. ತನ್ನ ಕೈಕೆಲಸವನ್ನು ಗುರುತಿಸಲಾರದ ಕಸಬುದಾರ ಎಲ್ಲಿಯೂ ಇರುವುದಿಲ್ಲ.

ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಭೀಮಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ತನ್ನೂರು ಕೊಹಿನೂರದಿಂದ ಬಸವಕಲ್ಯಾಣಕ್ಕೊಂದು ಬಸ್ಸು, ಅಲ್ಲಿಂದ ಹುಮನಾಬಾದಿಗೆ ಇನ್ನೊಂದು. ಎರಡರಲ್ಲೂ ಆಕೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದಿದ್ದಳು. ಮಗಳು ಧನಶ್ರೀಗೆ ಸಾಲಿ ಬಿಟ್ಟು ಬರಲು ಆಗುವುದಿಲ್ಲವಂತೆ. ಬಸವಕಲ್ಯಾಣದ ಒಂದು ಸಣ್ಣ ಖಾಸಗಿ ಸಾಲಿಯಲ್ಲಿ ಆಕೆ ಮೂರು ತಿಂಗಳಿಂದ ಮಕ್ಕಳಿಗೆ ಹಾಡು ಕಲಿಸುತ್ತಿದ್ದಾಳೆ. ಖಾಯಂ ಮಾಡಿಕೊಳ್ಳುವ ಮಾತು ಬಂದಿದೆ, ಆದರೆ ಒಂದೇ ತಕರಾರು. ಗಿಟಾರಿನ ಸದ್ದು ಮೂರನೆಯ ಸಾಲು ದಾಟುವುದಿಲ್ಲ. ಸೋಮವಾರ ಹೆಡ್ ಮೇಡಂ ತಾವೇ ಕೊನೆಯ ಬೆಂಚಿನ ಮೇಲೆ ಕೂತು ಕೇಳುತ್ತಾರಂತೆ. ಅಲ್ಲಿಗೆ ಕೇಳಿಸಿದರೆ ನೌಕರಿ, ಇಲ್ಲದಿದ್ದರೆ ಇಲ್ಲ.

"ಇದಕ್ಕ ಕರೆಂಟಿನ ಮೈಕ್ ಕೂಡಿಸ್ತಾರಂತಲ್ಲ ಅಣ್ಣಾ, ಅದೊಂದು ಕೂಡಿಸಿ ಕೊಡ್ರಿ," ಅಂದಳು ಭೀಮಬಾಯಿ. "ಅಕಿ ಭಾಳ ಮೆತ್ತಗ ನುಡಸ್ತಾಳ. ನೀವೇ ಹೇಳಿದ್ರಂತಲ್ಲ, ಕುಡಗೋಲ ಹಿಡದ ಕೈ, ಜೋರ ಅದ ಅಂತ. ಅವತ್ತಿಂದ ನಾ ಅಕಿ ಕೈಯಾಗ ಕುಡಗೋಲ ಕೊಟ್ಟಿಲ್ಲರಿ. ಹಾಲ ಹಿಂಡಸಿಲ್ಲ, ಕುರಿ ಹಟ್ಟಿ ಕಸ ಹೊಡಸಿಲ್ಲ. ಕೈ ಮೆತ್ತಗಾಗ್ಲಿ ಅಂತ."

ಇದನ್ನು ಆಕೆ ದೂರಿನ ಹಾಗೆ ಹೇಳಲಿಲ್ಲ. ವೈದ್ಯರು ಹೇಳಿದ ಪಥ್ಯವನ್ನು ತಪ್ಪದೆ ಮಾಡಿದ್ದೇನೆ ಎಂಬ ಸಮಾಧಾನ ಆ ದನಿಯಲ್ಲಿತ್ತು. ಮೊಣಕಾಲಿನ ಮೇಲಿಟ್ಟುಕೊಂಡಿದ್ದ ಆಕೆಯ ಕೈಗಳನ್ನು ಪಂಡರಿ ನೋಡಿದ. ಎರಡು ಆಳಿನ ಕೆಲಸ ಮಾಡಿದ ಕೈಗಳು. ತೋರುಬೆರಳಿನ ಗಿಣ್ಣಿನ ಮೇಲೆ ಹಳೆಯ ಗಾಯ, ಅದರ ಪಕ್ಕ ಹೊಸದೊಂದು. ಅವನು ಗಿಟಾರಿನ ಕಡೆ ಮುಖ ತಿರುಗಿಸಿ, ಶನಿವಾರ ತಾನೇ ಬಸವಕಲ್ಯಾಣಕ್ಕೆ ಬಂದು ಮಗಳ ಕೈಗೆ ಕೊಡುತ್ತೇನೆ, ಮತ್ತೆ ಇಷ್ಟು ದೂರ ಬರಬೇಡ ಎಂದ. ಭೀಮಬಾಯಿಗೆ ಅವನ ಒಳ್ಳೆಯತನ ಕಂಡು ಕಣ್ಣು ತೇವವಾಯಿತು. ಒಳ್ಳೆಯತನದ ಮಾತು ಹಾಗಿರಲಿ, ಆಕೆ ಮತ್ತೊಮ್ಮೆ ಆ ಸ್ಟೂಲಿನ ಮೇಲೆ ಕೂರುವುದು ಅವನಿಗೆ ಬೇಡವಾಗಿತ್ತು.

ಪಂಡರಿಯದು ಹುಮನಾಬಾದಿನ ಹಳೆ ಬಜಾರಿನಲ್ಲಿ ಒಂದೇ ಕೋಣೆಯ ಅಂಗಡಿ. ಗೋಡೆಯ ಮೇಲೆ ಏಕತಾರಿ, ತಂಬೂರಿಗಳು. ಕೆಳಗೆ ಬಾಯಿ ಬಿಟ್ಟುಕೊಂಡ ಹಾರ್ಮೋನಿಯಂಗಳು. ಅವನಪ್ಪ ಘಾಟಬೋರಾಳದಲ್ಲಿ ಕುರಿ ಕಾಯುತ್ತಿದ್ದ. ಮಗ ಭಜನೆಯ ಹುಚ್ಚು ಹತ್ತಿ ಮಿರಜಿಗೆ ಓಡಿಹೋದ, ತಂಬೂರಿ ಮಾಡುವವರ ಕೈಕೆಳಗೆ ಎಂಟು ವರ್ಷ ಕೂತು ಕಸಬು ಕಲಿತು ಬಂದ. ಸುತ್ತಿನ ಊರುಗಳ ಭಜನಾ ಮಂಡಳಿಗಳಿಗೆಲ್ಲ ಈಗ ಅವನೇ ಗತಿ. ಪಂಡರಿ ಮುಟ್ಟಿದರೆ ಸತ್ತ ತಂಬೂರಿ ಎದ್ದು ಕೂರುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದನ್ನು ಅವನು ಸ್ವಲ್ಪ ಹೆಚ್ಚೇ ನಂಬಿದ್ದ.

ಮೂರು ವರ್ಷದ ಹಿಂದೆ ಧನಶ್ರೀ ಈ ಗಿಟಾರನ್ನು ಹಿಡಿದುಕೊಂಡು ಬಂದಾಗ ಅಂಥದ್ದೊಂದು ಅವನ ಅಂಗಡಿಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವಳ ಅಣ್ಣ ಪ್ರೇಮಕುಮಾರ ಹೈದರಾಬಾದಿಗೆ ಟೆಂಪೊ ಹೊಡೆಯುತ್ತಿದ್ದ. ಯಾರೋ ಮನೆ ಖಾಲಿ ಮಾಡುವಾಗ ಬೇಡವೆಂದು ಬಿಟ್ಟದ್ದನ್ನು ತಂಗಿಗೆ ತಂದುಕೊಟ್ಟಿದ್ದ. ಹುಡುಗಿ ಫೋನು ನೋಡಿ ನೋಡಿ ಕಲಿಯುತ್ತಿದ್ದಳು. ಆದರೆ ತಂತಿಗಳು ಗಿಟಾರಿನ ಕತ್ತಿನಿಂದ ಬಹಳ ಮೇಲೆದ್ದಿದ್ದವು, ಕತ್ತಿಗೆ ಅಡ್ಡ ಕೂಡಿಸಿದ ಹಿತ್ತಾಳೆ ಮೆಟ್ಟುಗಳಲ್ಲಿ ನಡುವಿನದರ ಹತ್ತಿರ ಇಡೀ ತೊಗರಿ ಕಾಳು ಸಲೀಸಾಗಿ ಉರುಳಿ ಹೋಗುವಷ್ಟು. ಒತ್ತಿ ಒತ್ತಿ ಎಡಗೈ ಬೆರಳ ತುದಿಗಳಲ್ಲಿ ನೀಲಿ ಗೆರೆ ಮೂಡಿದ್ದವು. ಆರೂ ತಂತಿಗಳನ್ನು ಒಂದೇ ಬೆರಳಲ್ಲಿ ಒತ್ತುವುದಂತೂ ಅವಳಿಂದ ಆಗುತ್ತಲೇ ಇರಲಿಲ್ಲ. ಜರಾ ಇಳಿಸಿ ಕೊಡಿ ಕಾಕಾ ಎಂದು ಕೇಳಿದ್ದಳು.

ಜರಾ ಇಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಪಂಡರಿ ತಂಬೂರಿಯ ಮನುಷ್ಯ. ತಂಬೂರಿಯ ಜೀವ ಇರುವುದೇ ಅದರ ಝೇಂಕಾರದಲ್ಲಿ. ತಂತಿ ಎಲುಬಿನ ಬೆನ್ನಿಗೆ ಸವರಿಕೊಂಡು ಝುಂಯ್ ಎನ್ನಬೇಕು. ಹಾಗೆನ್ನಲೆಂದು ಎಲುಬನ್ನು ಕೂದಲೆಳೆಯಷ್ಟು ಓರೆಯಾಗಿ ಉಜ್ಜುತ್ತಾರೆ, ಅದಕ್ಕೆ ಜವಾರಿ ಹಚ್ಚುವುದು ಎಂದು ಹೆಸರು. ಮಿರಜಿನಲ್ಲಿ ಎಂಟು ವರ್ಷ ಅವನು ಕಲಿತದ್ದರಲ್ಲಿ ಅರ್ಧ ಅದೇ. ಹುಡುಗಿಯ ಗಿಟಾರಿಗೂ ಅವನು ಪ್ರೀತಿಯಿಂದ ಜವಾರಿ ಹಚ್ಚಿದ. ಇಳಿಸುವುದನ್ನೂ, ಅದರದು ನೈಲಾನ್ ತಂತಿಯಾದರೂ, ತಂಬೂರಿಯ ಉಕ್ಕಿನ ತಂತಿಯ ಅಂದಾಜಿನಲ್ಲೇ ಇಳಿಸಿದ, ಕೆಳಗೆ ಸಾಸಿವೆ ಹೋದರೆ ಹೆಚ್ಚು. ನುಡಿಸಿ ನೋಡಿದಾಗ ಅದು ಗುಂಯ್ ಎಂದಿತು, ಅವನಿಗೆ ಖುಷಿಯಾಯಿತು. ಅಷ್ಟರಮಟ್ಟಿಗೆ ಅದು ತಪ್ಪು ಕೂಡ ಅಲ್ಲ. ಗೊತ್ತಿಲ್ಲದ ಕೆಲಸ ಮಾಡಿದ, ಕೆಟ್ಟಿತು. ಯಾರ ಕೈಯಲ್ಲಿ ಕೆಡುವುದಿಲ್ಲ?

ತಪ್ಪು ನಡೆದದ್ದು ಎಂಟು ದಿನ ಬಿಟ್ಟು. ಅವಳು ಮತ್ತೆ ಬಂದಳು. ಅಂಗಡಿಯಲ್ಲಿ ಆಗ ಪಕ್ಕದೂರಿನ ಭಜನಾ ಮಂಡಳಿಯವರು ನಾಲ್ಕು ಜನ ಕೂತು ಚಹಾ ಕುಡಿಯುತ್ತಿದ್ದರು. ಪಂಡರಿ ಸರಿಮಾಡಿಕೊಟ್ಟ ತಂಬೂರಿಯನ್ನು ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದ್ದರು. ಧನಶ್ರೀ ನಾಚಿಕೊಂಡೇ, ಕಾಕಾ ಇದು ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ, ಸ್ವರ ಬಿಡಿಸಿ ಕೇಳುವುದಿಲ್ಲ ಎಂದು ಒಂದೆರಡು ಸಲ ನುಡಿಸಿ ತೋರಿಸಿದಳು. ಮಂಡಳಿಯವರಲ್ಲೊಬ್ಬ ನಕ್ಕ. ಪಂಡರಿ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕತ್ತಿನುದ್ದಕ್ಕೂ ದಿಟ್ಟಿಸಿದ. ತಂತಿಗಳು ಮೆಟ್ಟುಗಳ ಮೇಲೆ ಹೆಚ್ಚುಕಡಿಮೆ ಮಲಗಿಬಿಟ್ಟಿದ್ದವು. ಎಳೆದು ಬಿಟ್ಟರೆ ಅತ್ತಿತ್ತ ಆಡಲು ಜಾಗವಿಲ್ಲದೆ ಹಿತ್ತಾಳೆಗೆ ಬಡಿಯುತ್ತಿದ್ದವು. ತಾನು ಉಜ್ಜಿದ್ದು ಅತಿಯಾಯಿತೆಂದು ಆ ಕ್ಷಣಕ್ಕೆ ಅವನಿಗೆ ಗೊತ್ತಾಯಿತು.

ಹೊಸ ಎಲುಬು ಕೂಡಿಸುವುದು ಅರ್ಧ ದಿನದ ಕೆಲಸ. ತಪ್ಪಾಗ್ಯದವ್ವಾ, ನಾಳೆ ಬಾ ಎಂದರೆ ಮುಗಿಯುತ್ತಿತ್ತು. ಆದರೆ ನಾಲ್ಕು ಜನ ನೋಡುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಅವನಪ್ಪ ಹೇಳುತ್ತಿದ್ದ ಮಾತು.

"ಕೆಲಸ ಬರೋಬ್ಬರಿ ಅದವ್ವಾ," ಅಂದಿದ್ದ ಪಂಡರಿ, ಎಲ್ಲರಿಗೂ ಕೇಳುವಂತೆ. "ತಪ್ಪ ಇದರಾಗಿಲ್ಲ, ನಿನ್ನ ಕೈಯಾಗ ಅದ. ಕುಡಗೋಲ ಹಿಡದ ಕೈ ನೋಡು, ಜೋರ ಬೀಳ್ತದ. ಮೆತ್ತಗ ಮುಟ್ಟು, ತಾನೇ ಸುಮ್ಮಾಗ್ತದ."

ಅವಳು ಮೆತ್ತಗೆ ಮುಟ್ಟಿದಳು. ತಂತಿ ಸುಮ್ಮನಾಯಿತು. ಮೆತ್ತಗೆ ಮುಟ್ಟಿದ ತಂತಿ ಕಡಿಮೆ ಆಡುತ್ತದೆ, ಮೆಟ್ಟಿಗೆ ಬಡಿಯುವುದಿಲ್ಲ, ಅದರಲ್ಲಿ ಪವಾಡವೇನಿಲ್ಲ. ಆದರೆ ಸುಳ್ಳಿಗೆ ಅಲ್ಲೇ ಒಂದು ಸಾಕ್ಷಿ ಸಿಕ್ಕಿದಂತಾಯಿತು. ಮಂಡಳಿಯವರು ತಲೆದೂಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕವನೇ ಗಾದೆಯನ್ನೂ ಹೇಳಿದ. ಇಲ್ಲಿ ನೆಲ ಡೊಂಕು ಮಾಡಿದವನು ಕುಣಿಯುವವಳ ಕಾಲಿಗೆ ತಪ್ಪು ಹೊರಿಸಿ ಕೂತಿದ್ದ, ಅದು ಅವನೊಬ್ಬನಿಗೇ ಗೊತ್ತಿತ್ತು. ಧನಶ್ರೀ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡು ಓಢಣಿಯ ಕೆಳಗೆ ಸರಿಸಿದಳು. ಕುರಿ ಕಾಯುವವನ ಮಗ ಕುರಿ ಕಾಯುವವರ ಮಗಳಿಗೆ ಆಡಿದ ಮಾತು ಅದು. ಬೇರೆ ಯಾರಾದರೂ ತನಗೆ ಹಾಗೆ ಅಂದಿದ್ದರೆ ಪಂಡರಿ ಅವರ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ತಿಂಗಳಾದ ಮೇಲೆ ಚರ್ಚಿನಲ್ಲಿ ಗಿಟಾರ್ ನುಡಿಸುವ ಅಜೀತ ತನ್ನದೊಂದು ಒಡೆದ ಗಿಟಾರನ್ನು ಅಂಟಿಸಲು ತಂದ. ಮಾತಿಗೆ ಮಾತು ಬಂದು ಪಂಡರಿ ಯಾರದೋ ಸಂಗತಿಯೆಂಬಂತೆ ಕೇಳಿದ. ಅಜೀತ ಎಲ್ಲವನ್ನೂ ಬಿಡಿಸಿ ಹೇಳಿದ. ನೈಲಾನ್ ತಂತಿ ಉಕ್ಕಿನದಕ್ಕಿಂತ ಸಡಿಲ, ಅಗಲವಾಗಿ ಕುಣಿಯುತ್ತದೆ, ಅದಕ್ಕೆ ಕೆಳಗೆ ಜಾಗ ಹೆಚ್ಚು ಬೇಕು. ಬಹಳ ಎತ್ತರವಿಟ್ಟರೆ ದನಿ ದೊಡ್ಡದು, ಆದರೆ ಬೆರಳು ಸಾಯುತ್ತವೆ. ಬಹಳ ಇಳಿಸಿದರೆ ಒತ್ತುವುದು ಸಲೀಸು, ಆದರೆ ದನಿ ಸಾಯುತ್ತದೆ. ನಡುವೆ ಒಂದು ಕಡೆ ಎರಡೂ ಬದುಕುತ್ತವೆ, ಅದನ್ನು ಹುಡುಕಬೇಕು. ಪಂಡರಿ ಕೇಳಿಸಿಕೊಂಡ. ಧನಶ್ರೀಯ ಫೋನ್ ನಂಬರು ಗೋಡೆಯ ಮೇಲೆ ಅವನೇ ಪೆನ್ಸಿಲಿನಲ್ಲಿ ಬರೆದದ್ದು ಇತ್ತು. ದೀಪಾವಳಿಗೆ ಸುಣ್ಣ ಹೊಡೆಯುವವರೆಗೂ ಇತ್ತು. ಆಮೇಲೆ ನಂಬರಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಸಮಾಧಾನ ಮಾಡಿಕೊಳ್ಳುವವನಿಗೆ ಸುಣ್ಣವೂ ಸಹಾಯ ಮಾಡುತ್ತದೆ.

ಭೀಮಬಾಯಿ ಹೋದ ಮರುದಿನ ಬೆಳಿಗ್ಗೆಯೇ ಅವನು ಕೆಲಸಕ್ಕೆ ಕೂತ. ಮಿರಜಿನಿಂದ ತಂದಿಟ್ಟಿದ್ದ ಎಲುಬಿನ ಪಟ್ಟಿಗಳಲ್ಲಿ ಒಂದನ್ನು ಆರಿಸಿ, ಕೊಯ್ದು, ಬೆನ್ನನ್ನು ಈ ಸಲ ಓರೆ ಮಾಡದೆ ದುಂಡಗೆ ಉಜ್ಜಿದ. ಎರಡು ಗೀರು ಉಜ್ಜಿ ತಂತಿ ಬಿಗಿಯುವುದು, ನೋಡುವುದು, ಸಡಿಲಿಸುವುದು, ಮತ್ತೆ ಉಜ್ಜುವುದು. ಹೆಂಡತಿ ಜಗದೇವಿ ಬುತ್ತಿ ತಂದಾಗ ಅವನು ಅವಳ ಕಾಳಿನ ಡಬ್ಬಿಗಳಿಂದ ಚಿಟಿಕೆ ಚಿಟಿಕೆ ತಂದು ಹರಡಿಕೊಂಡು ಕೂತಿದ್ದ. ನಡುವಿನ ಮೆಟ್ಟಿನ ಹತ್ತಿರ, ಸಣ್ಣ ತಂತಿಗಳ ಕೆಳಗೆ ಜೋಳದ ಕಾಳು ಅಡ್ಡ ಮಲಗಿ ಹಾಯಬೇಕು. ದಪ್ಪ ತಂತಿಗಳ ಕೆಳಗೆ ಹೆಸರುಕಾಳು. ಎಷ್ಟು ಎತ್ತರವೆಂದು ಅಜೀತ ಅಂದು ಮಿಲಿಮೀಟರಿನಲ್ಲಿ ಅಂಕಿ ಹೇಳಿದ್ದ, ಪಂಡರಿ ಅದನ್ನು ಕಾಳಿಗೆ ಇಳಿಸಿಕೊಂಡಿದ್ದ. ಅಂಗಡಿ ಬಿಟ್ಟು ಕಿರಾಣಿ ಇಟ್ಟೆಯೇನು ಎಂದು ಜಗದೇವಿ ಕೇಳಿದಳು. ಅವನು ನಗಲಿಲ್ಲ. ಎಂದೂ ಇಲ್ಲದ್ದು ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟ. ಅವಳು ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಬುತ್ತಿಯ ಡಬ್ಬಿ ಎತ್ತಿಕೊಂಡು ಹೋದಳು.

ಸಂಜೆಗೆ ಮುಂಚೆ ಕೆಲಸ ಮುಗಿಯಿತು. ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಜೋರಾಗಿ ಎಳೆದು ಬಿಟ್ಟ. ಸ್ವರ ದುಂಡಗೆ ಎದ್ದು ಕೋಣೆ ತುಂಬಿತು, ಗೋಡೆಯ ಮೇಲಿನ ತಂಬೂರಿಗಳು ಸಣ್ಣಗೆ ಓಗೊಟ್ಟವು. ಎಲ್ಲೂ ಗುಂಯ್ ಎನ್ನಲಿಲ್ಲ. ಎಡಗೈಯಲ್ಲಿ ಒತ್ತಿ ನೋಡಿದ, ಕೂಸಿನ ಬೆರಳಿಗೂ ಸಾಧ್ಯ. ಮೂರು ವರ್ಷ ಈ ದನಿ ಆ ಮರದೊಳಗೇ ಇತ್ತು ಎಂಬುದು ನೆನಪಾಗಿ ಖುಷಿ ಅಲ್ಲಿಗೇ ನಿಂತಿತು. ಮೈಕು ಬೇಕಿಲ್ಲ. ಹೊಸ ಎಲುಬು ಹಾಕಿದೆ ಎಂದು ಕೊಟ್ಟು ಬಂದರೆ ತಾಯಿ, ಮಗಳು ಇಬ್ಬರೂ ಕೈ ಮುಗಿಯುತ್ತಾರೆ. ಪಂಡರಿ ಮುಟ್ಟಿದರೆ ಸತ್ತದ್ದು ಎದ್ದು ಕೂರುತ್ತದೆ ಎಂಬ ಮಾತಿಗೆ ಇನ್ನೊಂದು ಊರು ಸೇರುತ್ತದೆ. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಯೋಚನೆ ಹೋಗಲಿಲ್ಲ, ಶನಿವಾರ ಬಸ್ಸಿನಲ್ಲಿ ಅವನ ಜೊತೆಗೇ ಕೂತು ಬಂತು.

ಸಾಲಿ ಕೋಟೆಯ ಹಿಂದಿನ ಓಣಿಯಲ್ಲಿತ್ತು. ಶನಿವಾರ ಅರ್ಧ ದಿನ. ಅವನು ತಲುಪುವಷ್ಟರಲ್ಲಿ ಮಕ್ಕಳು ಹೋಗಿ ವರ್ಗದಲ್ಲಿ ಧನಶ್ರೀ ಒಬ್ಬಳೇ ಕಾಯುತ್ತಿದ್ದಳು. ಸೀರೆಯಲ್ಲಿ ದೊಡ್ಡವಳಾಗಿ ಕಂಡಳು. ಅವನನ್ನು ನೋಡಿದ್ದೇ ಕುರ್ಚಿ ಒರೆಸಿ ಕೂರಿಸಿ, ನೀರು ತಂದುಕೊಟ್ಟು, ಕಾಲು ಮುಟ್ಟಿದಳು. ಮೈಕು ಕೂಡಿಸಿಲ್ಲ, ಎಲುಬು ಬದಲಿ ಮಾಡಿದ್ದೇನೆ, ನುಡಿಸಿ ನೋಡು ಎಂದ ಪಂಡರಿ.

ಅವಳು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸತೊಡಗಿದಳು. ಎಡಗೈ ಬೆರಳುಗಳು ಸಲೀಸಾಗಿ, ಒಂದೂ ತಪ್ಪದೆ ಓಡಾಡುತ್ತಿದ್ದವು. ಚೆನ್ನಾಗಿ ಕಲಿತಿದ್ದಳು, ಅವನು ಎಣಿಸಿದ್ದಕ್ಕಿಂತ ಬಹಳ ಚೆನ್ನಾಗಿ. ಆದರೆ ಬಲಗೈ ಮಲಗಿದ ಕೂಸಿನ ಕೆನ್ನೆ ಮುಟ್ಟಿದ ಹಾಗೆ ತಂತಿಗಳ ಮೇಲೆ ಸುಮ್ಮನೆ ಸವರುತ್ತಿತ್ತು. ಎರಡು ಮಾರು ದೂರ ಕೂತ ಪಂಡರಿ ಕಿವಿ ಮುಂದೆ ಮಾಡಬೇಕಾಯಿತು. ತಾನು ತಂತಿ ಎತ್ತರಿಸಿದ್ದೇನೆ, ಕೈಯನ್ನು ಎತ್ತರಿಸುವುದು ಹ್ಯಾಗೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಛಲೋ ಆಗ್ಯದ ಕಾಕಾ," ಅಂದಳು ಅವಳು ನಿಲ್ಲಿಸಿ. "ಆದ್ರ ಅವಾಜ ಮದಲಿನಷ್ಟೇ ಅದ ನೋಡ್ರಿ. ನಿಮ್ಮ ಕೆಲಸಕ್ಕ ಅನ್ನಲ್ಲ, ನನ್ನ ಕೈಯೇ ಹಂಗ. ಜೋರ ಹಾಕ್ಲಿಕ್ಕಿ ಹೋದ್ರ ಕೆಡಸ್ತದ. ಮೈಕೇ ಕೂಡಿಸ್ಬೇಕಾಗ್ತದ."

ತಪ್ಪಿಸಿಕೊಳ್ಳಲು ಅವಳೇ ಬಾಗಿಲು ತೆರೆದಿಟ್ಟಂತಿತ್ತು. ಆಗಲವ್ವಾ, ಮೈಕು ಕೂಡಿಸೋಣ ಎಂದು ಎದ್ದರೆ ಸಾಕಿತ್ತು. ಪಂಡರಿ ಏಳಲೂ ಎದ್ದ. ಎದ್ದವನು ಅಂಗಿಯ ಜೇಬಿನಿಂದ ಹಳೆಯ ಎಲುಬನ್ನು ತೆಗೆದು ಮೇಜಿನ ಮೇಲಿಟ್ಟ. ಬಿಳಿಯದೊಂದು ಚೂರು, ಒಂದು ಮಗ್ಗುಲಿಗೆ ಇಳಿಜಾರು.

"ನಿನ್ನ ಕೈಯಾಗ ತಪ್ಪಿದ್ದಿಲ್ಲವ್ವಾ," ಅಂದ. "ಇದನ್ನ ನಾನೇ ಜಾಸ್ತಿ ಉಜ್ಜಿದ್ದೆ. ತಂಬೂರಿಗಿ ಮಾಡೋದನ್ನ ಇದಕ್ಕ ಮಾಡಿ ಕೆಡಸಿದ್ದೆ. ಮಂದಿ ಮುಂದ ನಾಚಿಕಿ ಬಂತು, ನಿನ್ನ ಕೈ ಮ್ಯಾಲ ಹಾಕ್ದೆ. ನಿನ್ನ ಕೈ ಛಲೋ ಅದ. ಅವತ್ತೂ ಛಲೋ ಇತ್ತು."

ಧನಶ್ರೀ ಎಲುಬನ್ನು ಎತ್ತಿಕೊಂಡಳು, ಬೆರಳಿನಿಂದ ಅದರ ಬೆನ್ನು ಸವರಿದಳು. ಹೊರಗೆ ಯಾರೋ ನೀರಿನ ಕೊಡ ಇಳಿಸಿದ ಸದ್ದಾಯಿತು.

"ನಿಮಗ ಯಾವಾಗ ಗೊತ್ತಾತು?"

ಇದಕ್ಕೆ ಬಸ್ಸಿನಲ್ಲೇ ಉತ್ತರ ಹೊಂದಿಸಿಕೊಂಡಿದ್ದ. ಆಮೇಲೆ ಒಬ್ಬ ಅಜೀತ ಅಂತ ಬಂದಿದ್ದನವ್ವಾ, ಅವನು ಹೇಳಿದ ಮೇಲೆ ತಿಳಿಯಿತು. ಅದರಲ್ಲಿ ಅರ್ಧ ನಿಜವೂ ಇತ್ತು. ನಾಲಗೆಯ ತುದಿಯವರೆಗೆ ಬಂದದ್ದನ್ನು ಅವನು ನುಂಗಿಕೊಂಡ.

"ಅವತ್ತೇ ಗೊತ್ತಿತ್ತು."

ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದ. ಬಂದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಎಲುಬನ್ನು ಮೇಜಿನ ಮೇಲೆ ಅವನ ಕಡೆ ಸರಿಸಿದಳು, ಅಷ್ಟೇ.

"ನಮ್ಮವ್ವ ಮೂರ ವರ್ಷದಿಂದ ನನ್ನ ಪಾಲಿನ ಕೆಲಸಾನೂ ಮಾಡ್ಯಾಳ," ಅಂದಳು. "ಅಕಿಗಿ ನಾ ಹೇಳಂಗಿಲ್ಲ. ನೀವೇ ಕೊಹಿನೂರಕ್ಕ ಹೋಗಿ ಹೇಳ್ರಿ."

ಇವತ್ತೇ ಹೋಗುತ್ತೇನೆ ಎಂದ ಪಂಡರಿ. ಭೀಮಬಾಯಿಯ ಗಿಣ್ಣಿನ ಮೇಲಿನ ಗಾಯಗಳು ಕಣ್ಣ ಮುಂದೆ ಬಂದವು. ಮಗಳೆದುರು ಹೇಳಿದ್ದಕ್ಕಿಂತ ಅದು ಕಷ್ಟವೆಂದು ಅವನಿಗೆ ಆಗಲೇ ತಿಳಿಯಿತು. ಚಪ್ಪಲಿ ಮೆಟ್ಟಲು ಬಾಗಿಲ ಕಡೆ ತಿರುಗಿದಾಗ ಅವಳು ತಡೆದಳು.

"ಸೋಮವಾರ ನಮ್ಮ ಹೆಡ್, ಮೆಹರೀನ್ ಮೇಡಂ, ಅಲ್ಲಿ ಕೂಡ್ತಾರ," ಎಂದು ಕೋಣೆಯ ಕೊನೆಯ ಬೆಂಚು ತೋರಿಸಿದಳು. "ಮದಲ ಅಲ್ಲಿ ಹೋಗಿ ಕೂಡ್ರಿ."

ಪಂಡರಿ ಹೋಗಿ ಕೂತ. ಎರಡನೆಯ ಇಯತ್ತೆಯ ಮಕ್ಕಳ ಬೆಂಚು, ಮೊಣಕಾಲು ಎದೆಗೆ ಬಂದವು. ಅವಳು ಕಪ್ಪು ಹಲಗೆಯ ಕೆಳಗೆ ಕೂತು ನುಡಿಸಿದಳು. ಬೆರಳು ಆಡುವುದು ಕಾಣುತ್ತಿತ್ತು. ಓಣಿಯಲ್ಲಿ ಆಟೋ ಹೋಯಿತು, ಕಿಟಕಿಯ ಮೇಲೆ ಪಾರಿವಾಳ ಗುಟುರು ಹಾಕಿತು. ಗಿಟಾರಿನದು ಮಾತ್ರ ಬರಲಿಲ್ಲ.

"ಕೇಳ್ತದೇನ್ರಿ?" ಅಂದಳು. ಕಾಕಾ ಎನ್ನಲಿಲ್ಲ.

ಹೂಂ ಎಂದರೆ ಅವಳಿಗೆ ಧೈರ್ಯ ಬರಬಹುದು ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಧೈರ್ಯದ ನೆಪ ಹಿಡಿದು ಬಂದದ್ದು ಹಳೆಯ ಚಾಳಿಯೇ ಎಂದು ಗುರುತು ಹತ್ತಿತು.

"ಇಲ್ಲವ್ವಾ."

ಅವಳು ಮೊದಲಿನಿಂದ ಹಿಡಿದಳು. ಈ ಸಲ ಏನೋ ಬಂದ ಹಾಗಾಯಿತು, ಫ್ಯಾನಿನ ಗಾಳಿಯಲ್ಲಿ ಹೋಯಿತು. ಮತ್ತೆ ಕೇಳಿದಳು. ಮತ್ತೆ ಇಲ್ಲವೆಂದ. ಒಂದೊಂದು ಸಲ ಹೇಳುವಾಗಲೂ ತನ್ನ ಅಂಗಡಿಯಲ್ಲಿ ಆ ನಾಲ್ವರ ಮುಂದೆ ಇದನ್ನು ಹೇಳಬೇಕಾಗಿತ್ತು ಎನ್ನಿಸುತ್ತಿತ್ತು.

ನಾಲ್ಕನೆಯ ಸಲವೋ ಐದನೆಯ ಸಲವೋ, ಅವಳು ಗಿಟಾರನ್ನು ಎದೆಗೆ ಎಳೆದುಕೊಂಡು ತನ್ನ ಬಲಗೈಯನ್ನು ಮಡಚಿ, ಬಿಡಿಸಿ, ಅಂಗೈ ಮೇಲೆ ಮಾಡಿ ನೋಡಿದಳು. ಆಮೇಲೆ ಹುಲ್ಲಿನ ಹಿಡಿಗೆ ಕೈ ಹಾಕುವವಳಂತೆ ಬೆರಳುಗಳನ್ನು ತಂತಿಗಳ ಕೆಳಗೆ ಸೇರಿಸಿ ಎಳೆದು ಬಿಟ್ಟಳು. ಸ್ವರ ದುಂಡಗೆ ಎದ್ದು ಬಂದು ಹಿಂದಿನ ಗೋಡೆಯನ್ನು ಮುಟ್ಟಿತು. ಪಾರಿವಾಳ ಹಾರಿಹೋಯಿತು.

ಧನಶ್ರೀ ಬೆಚ್ಚಿಬಿದ್ದು, ಏನೋ ಒಡೆದುಹಾಕಿದವಳ ಹಾಗೆ, ಥಟ್ಟನೆ ಅಂಗೈಯಿಂದ ತಂತಿಗಳನ್ನು ಅಮುಕಿ ಹಿಡಿದಳು. ಸ್ವರ ಅಲ್ಲಿಗೇ ನಿಂತಿತು. ಅವಳು ಕೈ ತೆಗೆಯಲಿಲ್ಲ.